ಸುಗಂಧಾಳ ಡ್ಯೂಟಿ ಬ್ಯಾಗು

ಹೆಣ್ಣುಮಕ್ಕಳ ಬ್ಯಾಗಿನೊಳಗೆ ನಾನು ಈ ಜನ್ಮದಲ್ಲಿ ಕೈ ಹಾಕಿದವನಲ್ಲ. ಆದರೆ ಅದು ತೆರೆಯುವುದನ್ನು ಕಾಯುತ್ತ ನನ್ನಷ್ಟು ಹೊತ್ತು ನಿಂತವರು ಈ ಜಿಲ್ಲೆಯಲ್ಲಿ ಬಹಳ ಜನ ಇರಲಿಕ್ಕಿಲ್ಲ. ಮೂವತ್ತೆರಡು ವರ್ಷ ನಾನು ಬಸ್ಸಿನ ಕಂಡಕ್ಟರನಾಗಿದ್ದೆ. ಬಹುಕಾಲ ವಿಜಯಪುರದಿಂದ ತಿಕೋಟಾ, ಹೊನವಾಡ. ಕೆಲವು ವರ್ಷ ಬಬಲೇಶ್ವರ, ಕಾಖಂಡಕಿ. ಕಂಡಕ್ಟರನ ಕೆಲಸವೆಂದರೆ ಟಿಕೆಟ್ ಕೊಡುವುದು, ಸೀಟಿ ಊದುವುದು ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ. ಉಳಿದರ್ಧ ಎಂದರೆ, ಎರಡು ಸೀಟುಗಳ ನಡುವೆ ಕಂಬಿ ಹಿಡಿದುಕೊಂಡು, ಒಬ್ಬ ತಾಯಿಯ ಕೈ ತನ್ನ ಚೀಲದ ತಳ ಮುಟ್ಟಿ ಮೇಲೆ ಬರುವ ತನಕ ತಾಳುವುದು. ಆ ಕೈ ಮೊದಲು ಕರವಸ್ತ್ರ ತರುತ್ತದೆ, ಆಮೇಲೆ ಬೀಗದ ಕೈ ತರುತ್ತದೆ, ಆಮೇಲೆ ಒಂದು ಬಾಳೆಹಣ್ಣು ತಂದು, "ಇದ ಹಿಡೀರಿ ಅಣ್ಣಾರ" ಎಂದು ನನ್ನ ಕೈಗೇ ಕೊಡುತ್ತದೆ. ಹಾಗೆ ಬಾಳೆಹಣ್ಣು ಹಿಡಿದು ನಿಂತುಕೊಂಡೇ ನಾನು ಹೆಣ್ಣುಮಕ್ಕಳ ಬ್ಯಾಗಿನ ಇತಿಹಾಸವನ್ನು ಕಲಿತೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಇತಿಹಾಸ ಎಂದು ನೆಟ್ಟಗೆ ಗೊತ್ತಿರುವುದು ಇದೊಂದೇ.

ನಮ್ಮ ಕಡೆ ಮೊದಲ ಬ್ಯಾಗು ಎಂದರೆ ಸೀರೆಯೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಘೋಣಸಗಿ ಕಡೆಯ ಮುದುಕಿಯರು ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದರು. ಆದರೆ ಅವರ ಮೈತುಂಬ ಖಾನೆಗಳಿದ್ದವು. ಕಾಳುಕಡಿ ಉಡಿಯಲ್ಲಿ, ಕೀಲಿ ಟೊಂಕದಲ್ಲಿ, ಚಿಲ್ಲರೆ ಸೆರಗಿನ ಗಂಟಿನಲ್ಲಿ. ಆ ಗಂಟು ಸಾಮಾನ್ಯ ಗಂಟಲ್ಲ. ಒಂದರ ಮೇಲೊಂದು ಮೂರು. ಒಬ್ಬ ಮುದುಕಿ ತೊರವಿ ದಾಟಿದರೂ ಬಿಚ್ಚುತ್ತಲೇ ಇದ್ದವಳು ಕೊನೆಗೆ ಸೆರಗನ್ನು ನನ್ನ ಮುಂದೆ ಹಿಡಿದು, "ನೀನ ಬಿಚ್ಚೋ ಯಪ್ಪಾ. ಗಂಟ ಕಟ್ಟೂ ಮುಂದ ಹಲ್ಲಿದ್ವು, ಈಗಿಲ್ಲ" ಎಂದಳು. ನಾನು ಹಲ್ಲಿನಿಂದ ಬಿಚ್ಚಿದೆ. ಸೆರಗಿನಲ್ಲಿ ಒಣಮೆಣಸಿನಕಾಯಿಯ ಘಾಟಿತ್ತು. ತಿಕೋಟಾ ಬರುವ ತನಕ ಸೀನಿದೆ. ನನ್ನ ಅಜ್ಜಿಗೆ ಇವರಿಗಿಂತ ಒಂದು ಹೆಚ್ಚಿನ ಸವಲತ್ತಿತ್ತು, ಎಲೆ ಅಡಿಕೆಯ ಚಂಚಿ. ಬಟ್ಟೆಯದು, ದಾರ ಎಳೆದರೆ ಬಾಯಿ ಮುಚ್ಚುವಂಥದು. ಎಲೆಗೊಂದು ಖಾನೆ, ಅಡಿಕೆಗೊಂದು, ತಂಬಾಕಿಗೊಂದು, ಸುಣ್ಣದ ಡಬ್ಬಿಗೊಂದು, ಮತ್ತೆ ಯಾರಿಗೂ ತೋರಿಸದ ಒಂದು. ಈಗ ಬಜಾರದಲ್ಲಿ ಅಂಗಡಿಯವನು ಬ್ಯಾಗು ಬಿಚ್ಚಿ, "ನೋಡ್ರಿ, ಹೊಸಾ ಡಿಜೈನು, ನಾಕು ಖಾನೆ ಅದಾವ" ಎನ್ನುವಾಗ ನನಗೆ ಅಜ್ಜಿಯ ನೆನಪಾಗುತ್ತದೆ. ಅಜ್ಜಿ ಒಂದು ಖಾನೆ ಮುಂದಿದ್ದಳು.

ಚಂಚಿ ಹೋಗಿ ಸಣ್ಣ ಪರ್ಸು ಬಂದಾಗ ಕಂಡಕ್ಟರರಿಗೆ ಒಂದು ಹೊಸ ಸಂಕಟ ಶುರುವಾಯಿತು. ಆ ಪರ್ಸು ಇರುತ್ತಿದ್ದುದು ಕುಪ್ಪಸದೊಳಗೆ. ಅದು ಹೊರಬರುವ ತನಕ ನಾವು ಕಿಟಕಿಯಾಚೆ ನೋಡಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಿರಿಯ ಕಂಡಕ್ಟರರನ್ನು ನೋಡಿ ಕಲಿಯಬೇಕು. ತಿಕೋಟಾ ದಾರಿಯ ಬೇವಿನ ಗಿಡಗಳು, ಜೋಳದ ಹೊಲ, ಆಮೇಲಾಮೇಲೆ ಎದ್ದ ದ್ರಾಕ್ಷಿಯ ಚಪ್ಪರಗಳು, ಇವುಗಳ ಬಗ್ಗೆ ನನಗೆ ಇಷ್ಟು ತಿಳಿವಳಿಕೆ ಬಂದದ್ದು ಹೀಗೆ. ಬಳಿಕ ಹೊನವಾಡದ ಶಾಲೆಗೆ ಹೋಗುವ ಬಾಯಾರು ರೆಕ್ಸಿನ್ನಿನ ವ್ಯಾನಿಟಿ ಬ್ಯಾಗು ತಂದರು. ಬಾಯಾರೆಂದರೆ ನಮ್ಮಲ್ಲಿ ಶಿಕ್ಷಕಿಯರು. ಆ ಬ್ಯಾಗಿನ ಬಾಯಿಗೆ ಎರಡು ಹಿತ್ತಾಳೆ ಗುಂಡು. ಮುಚ್ಚಿದರೆ ಟಪ್ ಎಂಬ ಸದ್ದು. ಮುಂಜಾನೆಯ ಬಸ್ಸಿನಲ್ಲಿ ಸಾಲಾಗಿ ಟಪ್ ಟಪ್ ಟಪ್ ಎಂದು ಕೇಳುತ್ತಿದ್ದರೆ, ಎಲ್ಲರಿಗೂ ಟಿಕೆಟ್ ಮುಟ್ಟಿದೆ ಎಂದು ನನಗೆ ಲೆಕ್ಕ ಸಿಗುತ್ತಿತ್ತು. ಬಾಯಾರ ಬ್ಯಾಗು ನೋಡಿ ಊರವರೂ ತಂದರು. ಬ್ಯಾಗು ಕೈಯಿಂದ ಮೊಳಕೈಗೆ ಏರಿತು, ಮೊಳಕೈಯಿಂದ ಹೆಗಲಿಗೆ ಏರಿತು, ಈಗ ಕಾಲೇಜಿನ ಹುಡುಗಿಯರ ಬೆನ್ನಿಗೆ ಹೋಗಿದೆ. ಹೀಗೆ ಏರುತ್ತ ಹೋದರೆ ಮುಂದೆ ತಲೆಯ ಮೇಲೆ ಬರಬೇಕು. ಬಂದರೆ ಹೊಸತೇನಲ್ಲ, ನಮ್ಮವ್ವ ಬುತ್ತಿ ಹೊರುತ್ತಿದ್ದುದು ಅಲ್ಲಿಯೇ.

ನನ್ನ ನೌಕರಿಯ ಕೊನೆಗೆ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಮಾಫ್ ಆಯಿತು. ಇನ್ನು ಬ್ಯಾಗು ಕಾಯುವ ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಈಗ ಆಧಾರ ಕಾರ್ಡು ತೋರಿಸಬೇಕು. ಆಧಾರ ಕಾರ್ಡಿನ ಗುಣವೇನೆಂದರೆ, ಬೇಡದಾಗ ಮೇಲೆಯೇ ಇರುತ್ತದೆ, ಕಂಡಕ್ಟರ ಬಂದನೆಂದರೆ ಬ್ಯಾಗಿನ ತಳಕ್ಕೆ ಇಳಿಯುತ್ತದೆ. ನಾನು ಮತ್ತೆ ಬಾಳೆಹಣ್ಣು ಹಿಡಿದು ನಿಂತೆ.

ಇಷ್ಟೆಲ್ಲ ಬ್ಯಾಗು ಕಂಡವನು ಹೆಂಡತಿಗೆ ಒಂದು ಚೆಂದದ್ದು ತಂದು ಕೊಟ್ಟಿರಬೇಕು ಎಂದು ನೀವು ಎಣಿಸಬಹುದು. ತಂದು ಕೊಟ್ಟೆ, ಹತ್ತೊಂಬತ್ತು ವರ್ಷದ ಹಿಂದೆ. ಸುಗಂಧಾ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಹೊಲಿದದ್ದನ್ನು ಕೊಡಲಿಕ್ಕೆ, ಅಳತೆ ತರಲಿಕ್ಕೆ ಓಣಿ ಓಣಿ ಅಡ್ಡಾಡಬೇಕು. ಅಂಗಡಿಯ ಬ್ಯಾಗುಗಳ ಕಿವಿ ಮೂರು ತಿಂಗಳಿಗೆ ಕಿತ್ತುಬರುತ್ತಿದ್ದವು. ಗಟ್ಟಿ ಬ್ಯಾಗು ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ನನ್ನ ಹೆಗಲ ಮೇಲಿನದು. ಅದನ್ನು ಹೊಲಿದುಕೊಡುತ್ತಿದ್ದ ಮುದುಕ ಬಸ್ ನಿಲ್ದಾಣದ ಹತ್ತಿರ ಗೋಣಿತಟ್ಟು ಹಾಸಿ ಕೂಡುತ್ತಿದ್ದ. ಅವನಿಗೆ ಹೇಳಿದೆ, "ಕಾಕಾ, ಹೆಣ್ಣಮಕ್ಕಳ ಬ್ಯಾಗ ಒಂದು ಬೇಕು. ಗಟ್ಟಿ ಇರಬೇಕು ನೋಡು."

"ಹೆಣ್ಣಮಕ್ಕಳದು ನಾ ಎಂದೂ ಮಾಡಿಲ್ಲಲ್ಲೋ" ಎಂದು ಅವನು ತಲೆ ಕೆರೆದುಕೊಂಡ. "ಇರಲಿ ಬಿಡು. ಒಳಗ ಕೆಂಪ ಅರಿವಿ ಹಚ್ಚಿ, ಮ್ಯಾಲ ಒಂದು ಹೂವ ಬಡದ ಕೊಡ್ತೀನಿ. ಹೆಣ್ಣಮಕ್ಕಳದು ಆಗ್ತೈತಿ."

ಹಾಗೆಯೇ ಮಾಡಿಕೊಟ್ಟ. ಅಗಲ ಬಾಯಿ, ಮೇಲೆ ಮಡಚುವ ಮುಚ್ಚಳ, ಹಿತ್ತಾಳೆ ಬಕಲು, ಎದೆಗೆ ಅಡ್ಡ ಹಾಕುವ ಉದ್ದ ಪಟ್ಟಿ. ಮುಚ್ಚಳದ ಮೇಲೆ ಒಂದು ಹೂವು. ಹೂವು ಬಿಟ್ಟರೆ ಅದು ಪಕ್ಕಾ ಕಂಡಕ್ಟರನ ಚೀಲ. ನನಗೆ ಮಾತ್ರ ಮನೆ ತಲುಪುವ ತನಕ ಹೊಳೆಯಲಿಲ್ಲ. ಸುಗಂಧಾ ಅದನ್ನು ಕೈಯಲ್ಲಿ ಹಿಡಿದು, ತಿರುವಿ ಮುರುವಿ ನೋಡಿ, ನನ್ನ ಮುಖ ನೋಡಿದಳು.

"ಅಲ್ರಿ, ನನಗೂ ಡ್ಯೂಟಿ ಹಾಕೀರೇನ್ರಿ?"

"ಗಟ್ಟಿ ಐತಿ" ಎಂದೆ.

"ಗಟ್ಟಿ ಐತಿ, ಖರೆ. ಇದನ್ನ ಹಾಕ್ಕೊಂಡು ಲಗ್ನಕ್ಕ ಹೋದ್ರ ಮಂದಿ ನನಗ ಟಿಕೆಟ್ ಕೇಳ್ತಾರ." ಎಂದವಳು ನಗುತ್ತಲೇ ಅದನ್ನು ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರ್ರೀ ಟಿಕೆಟ್, ಟಿಕೆಟ್" ಎಂದು ನನ್ನ ದನಿಯಲ್ಲೇ ಕೂಗಿದಳು. ಆಮೇಲೆ ಹದಿನೆಂಟು ವರ್ಷ ಬೇರೆ ಬ್ಯಾಗು ಮುಟ್ಟಲಿಲ್ಲ. ನಾನು ನಿವೃತ್ತನಾಗಿ ನನ್ನದನ್ನು ಕಳಚಿದ ಮೇಲೂ ಆಕೆಯ ಡ್ಯೂಟಿ ನಡೆದೇ ಇತ್ತು.

ಅದರೊಳಗೆ ಏನಿತ್ತೆಂದು ಆಗ ನನಗೆ ಗೊತ್ತಿರಲಿಲ್ಲ. ಎಲ್ಲಾದರೂ ಕುಳಿತಲ್ಲಿಂದ "ಬ್ಯಾಗಿನ್ಯಾಗ ಚಾಳೀಸ ಐತಿ, ತರ್ರಿ" ಎಂದರೆ ನಾನು ಕನ್ನಡಕ ತರುತ್ತಿರಲಿಲ್ಲ, ಬ್ಯಾಗನ್ನೇ ಎತ್ತಿಕೊಂಡು ಬರುತ್ತಿದ್ದೆ. "ಒಳಗ ಹಾವ ಇಟ್ಟೀನೇನ್ರಿ?" ಎಂದು ಬೈಯುತ್ತಿದ್ದಳು. ಹಾವಿನ ಹೆದರಿಕೆಯಲ್ಲ. ಮೂವತ್ತೆರಡು ವರ್ಷ ಬ್ಯಾಗಿನ ಬಾಯಿಗೆ ಬಂದು ನಿಂತ ಅಭ್ಯಾಸ. ಒಳಗೆ ಹೋಗಲು ಕೈಗೆ ಬರುವುದಿಲ್ಲ.

ಹತ್ತು ತಿಂಗಳ ಹಿಂದೆ ಒಂದು ಮುಂಜಾನೆ ಸುಗಂಧಾ ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲಿಯೇ ಹೋಗಿಬಿಟ್ಟಳು. ಕುಪ್ಪಸಕ್ಕೆ ಒಂದು ತೋಳು ಹಚ್ಚಿದ್ದಳು. ಇನ್ನೊಂದು ತೋಳು ತೊಡೆಯ ಮೇಲಿತ್ತು.

ಬ್ಯಾಗು ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೆಯೇ ಉಳಿಯಿತು. ಮಧ್ಯಾಹ್ನ ಉಂಡು ಅಡ್ಡಾದರೆ ನನಗೆ ಅದು ಎದುರಿಗೆ. ಮೂರರ ಸುಮಾರಿಗೆ ಬಿಸಿಲು ಕಿಟಕಿಯ ಜಾಳಿಗೆಯಿಂದ ಇಳಿದು ಮೊದಲು ಪಟ್ಟಿಯ ಮೇಲೆ, ಆಮೇಲೆ ಹೂವಿನ ಮೇಲೆ, ಕೊನೆಗೆ ಬಕಲಿನ ಮೇಲೆ ಬರುತ್ತದೆ. ಬಕಲು ಹೊಳೆಯುವ ಹೊತ್ತಿಗೆ ನನಗೆ ಜೊಂಪು ಹತ್ತಿರುತ್ತದೆ. ಆ ಜೊಂಪಿನಲ್ಲಿ ಮಂಚ ಬಸ್ಸಿನಂತೆ ಅಲುಗುತ್ತದೆ. ಬೇವಿನ ಗಿಡಗಳು ಹಿಂದಕ್ಕೆ ಹೋಗುತ್ತವೆ. ಬಾಯಾರ ಬ್ಯಾಗುಗಳು ಟಪ್ ಟಪ್ ಎನ್ನುತ್ತವೆ. ಕೊನೆಯ ಸೀಟಿನಲ್ಲಿ ಸುಗಂಧಾ ಕುಳಿತಿರುತ್ತಾಳೆ, ಬ್ಯಾಗಿನೊಳಗೆ ಏನೋ ಹುಡುಕುತ್ತಿರುತ್ತಾಳೆ. ನಾನು ಕಂಬಿ ಹಿಡಿದು ನಿಂತಿರುತ್ತೇನೆ. ಅವಸರವಿಲ್ಲ, ಹುಡುಕಲಿ ಎನ್ನಿಸುತ್ತದೆ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಗಾಡಿಯ ಹಾರ್ನು ಒತ್ತುತ್ತಾರೆ.

ಈ ಬ್ಯಾಗನ್ನು ಬೇಡಿದವಳು ಕಮಲಾ, ಸುಗಂಧಾಳ ತಂಗಿ. ಬಬಲೇಶ್ವರದಲ್ಲಿದ್ದಾಳೆ. ಅಕ್ಕನ ಗಂಡನಾದ ನನ್ನನ್ನು ಮಾಮಾ ಎಂದು ಕರೆಯುತ್ತಾಳೆ. ದಿನಕರ್ಮಗಳೆಲ್ಲ ಮುಗಿದು, ಸೀರೆಗಳನ್ನು ಬಂಧು ಬಳಗಕ್ಕೆ ಹಂಚುವಾಗ ಆಕೆ ಒಂದನ್ನೂ ಮುಟ್ಟಲಿಲ್ಲ. "ಸೀರಿ ಬ್ಯಾಡ್ರಿ ಮಾಮಾ. ಅಕ್ಕನ ಬ್ಯಾಗ ಒಂದು ನನಗ ಕೊಡ್ರಿ" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು, "ಆತವ್ವ, ಅದು ನಿಂದ. ನಾನ ತಂದ ಕೊಡ್ತೀನಿ" ಎಂದೆ. ಮಾತು ಬಾಯಿಂದ ಇಳಿದ ಕೂಡಲೇ, ಸ್ಟಾಪು ಬರುವ ಮೊದಲೇ ಸೀಟಿ ಊದಿದೆನೆಂದು ಗೊತ್ತಾಯಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

ಆಮೇಲೆ ಎರಡು ತಿಂಗಳು ನಾನು ಫೋನಿನಲ್ಲಿ ನೆಪ ಹೇಳಿದೆ. ಬಕಲು ಸಡಿಲಾಗಿದೆ, ರಿಪೇರಿಗೆ ಕೊಡಬೇಕು ಎಂದೆ. ಮಳೆ ಬರುವ ಹಾಗಿದೆ, ಚರ್ಮ ನೆನೆಯುತ್ತದೆ ಎಂದೆ. ಆ ದಿನ ವಿಜಯಪುರದಲ್ಲಿ ಡಾಂಬರು ಕರಗುವ ಬಿಸಿಲಿತ್ತು. ಬಬಲೇಶ್ವರ ಇಪ್ಪತ್ತೈದು ಕಿಲೋಮೀಟರಿನ ಆಚೆ ಇದೆ, ಅಲ್ಲಿಯೂ ಅದೇ ಬಿಸಿಲು. ಕಮಲಾ, "ಹೌದ್ರಿ ಮಾಮಾ, ಇಲ್ಲೂ ಬಾಳ ಮಳಿ" ಎಂದಳು. ಹೀಗೆ ಅವಳು ಒಪ್ಪಿಕೊಂಡದ್ದೇ ನನಗೆ ನಾಚಿಕೆ ತಂದಿತು. ಮರುದಿನ ಹೊರಡುವುದೆಂದು ನಿಶ್ಚಯಿಸಿದೆ.

ಬ್ಯಾಗು ಖಾಲಿ ಮಾಡಬೇಕಲ್ಲ. ಕೈ ಹಾಕಲಿಲ್ಲ. ಮಂಚದ ಮೇಲೆ ಮೆಲ್ಲಗೆ ಬೋರಲು ಹಾಕಿದೆ. ಅಳತೆಯ ಟೇಪು ಬಿತ್ತು. ಸೀಮೆಸುಣ್ಣದ ಚೂರು, ಪಿನ್ನುಗಳ ಗೊಂಚಲು, ಚಾಳೀಸು, ಜೊತೆಯಿಲ್ಲದ ಮೂರು ಗುಂಡಿ, ಅರ್ಧ ಕಡಿದು ಕಾಗದದಲ್ಲಿ ಸುತ್ತಿಟ್ಟ ಶುಂಠಿ ಪೆಪ್ಪರಮೆಂಟು. ಯಾರದೋ ಮದುವೆಯಲ್ಲಿ ಕೊಟ್ಟ, ವಧೂವರರ ಹೆಸರು ಅಚ್ಚು ಹಾಕಿಸಿದ ಬಟ್ಟೆಯ ಚೀಲ, ನಾಲ್ಕು ಮಡಿಕೆ. ಅದರೊಳಗೆ ಮತ್ತೊಂದು ಚೀಲ, ಎಂಟು ಮಡಿಕೆ. ಯಾವುದೋ ಹೆಣ್ಣುಮಗಳ ಅಳತೆ ಬರೆದ ಚೀಟಿ ಬಿದ್ದಾಗ ನಾನು ರೂಢಿಯಂತೆ ಕಿಟಕಿಯಾಚೆ ನೋಡುತ್ತ ಅದನ್ನು ಮಡಚಿಟ್ಟೆ. ಪೆಪ್ಪರಮೆಂಟು ಏನು ಮಾಡಬೇಕು ತಿಳಿಯಲಿಲ್ಲ. ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದು, ಅದೊಂದನ್ನು ಮತ್ತೆ ಬ್ಯಾಗಿನ ಒಳಖಾನೆಗೇ ಇಳಿಬಿಟ್ಟೆ.

ಆದರೆ ಒಬ್ಬರಿಗೆ ಬ್ಯಾಗನ್ನು ಖಾಲಿ ಕೊಡುವುದು ನಮ್ಮಲ್ಲಿ ಇಲ್ಲ. ಡಬ್ಬಿಯಿರಲಿ, ಬುಟ್ಟಿಯಿರಲಿ, ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಸುಗಂಧಾ ಪಕ್ಕದ ಮನೆಗೆ ಬಟ್ಟಲು ತಿರುಗಿ ಕಳಿಸುವಾಗಲೂ ಒಳಗೊಂದು ನಿಂಬೆಹಣ್ಣು ಇಟ್ಟೇ ಕಳಿಸುತ್ತಿದ್ದಳು. ಅದಕ್ಕೆ ನಾನೂ ತುಂಬಿದೆ. ಒಂದು ಕುಪ್ಪಸದ ಖಣ, ಐದು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ, ತಿಕೋಟಾದ ಒಣದ್ರಾಕ್ಷಿ. ಬಕಲು ಹಾಕಿ ಹೆಗಲಿಗೇರಿಸಿದೆ. ಪಟ್ಟಿ ಎದೆಗೆ ಅಡ್ಡ ಬಂದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು.

ಬಬಲೇಶ್ವರದಲ್ಲಿ ಕಮಲಾ ಬಾಗಿಲಲ್ಲಿ ನಿಂತು ನನ್ನನ್ನೂ ಬ್ಯಾಗನ್ನೂ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ನೀರು ತಂದಳು. ಬ್ಯಾಗನ್ನು ಎರಡೂ ಕೈಯಿಂದ ಇಸಿದುಕೊಂಡು, ತಂದದ್ದನ್ನು ಮರದಲ್ಲಿ ಸುರಿದಳು. ಮರ ಎಂದರೆ ಕಾಳು ಕೇರುವ ಮರ. ಊಟವಾಯಿತು. ಹೊರಡುವ ಹೊತ್ತಿಗೆ ಆಕೆ ಬ್ಯಾಗಿನ ತುಂಬ ಶೇಂಗಾ ಹೋಳಿಗೆ, ಕಟಕರೊಟ್ಟಿ, ಒಂದು ಡಬ್ಬಿ ಅಗಸಿಯ ಚಟ್ನಿಪುಡಿ ತುರುಕಿ, ಬಕಲು ಹಾಕಿ ನನ್ನ ಮುಂದೆ ಹಿಡಿದಳು. "ತೊಗೋರಿ ಮಾಮಾ. ಬ್ಯಾಗ ಖಾಲಿ ಕಳಿಸಬಾರ್ದು."

ಆಗ ನನಗೆ ತಿಳಿಯಿತು. ನಾನು ಒಳಗಿನದನ್ನು ಕೊಟ್ಟೆ, ಬ್ಯಾಗು ಕೊಡಲಿಲ್ಲ. ತುಂಬಿಕೊಂಡು ಬಂದ ಬ್ಯಾಗು ತುಂಬಿಕೊಂಡೇ ತಿರುಗಿ ಹೋಗಬೇಕಲ್ಲವೇ? "ಕಮಲಾ, ಈ ಬ್ಯಾಗ ನಿನಗ ಕೊಡಾಕ ತಂದೀನಿ" ಎನ್ನಬೇಕಿತ್ತು. ಬಾಯಿ ತೆರೆದೆ. ಆದರೆ ನನ್ನ ಕೈ ಅಷ್ಟರಲ್ಲಾಗಲೇ ಪಟ್ಟಿಯನ್ನು ಹೆಗಲಿಗೆ ಹಾಕಿತ್ತು. ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿತು. "ಬಸ್ಸ ಬಂತು" ಎಂದು ಹೊರಬಿದ್ದೆ. ಆ ಬಸ್ಸು ಕಾಖಂಡಕಿಗೆ ಹೋಗುವುದಾಗಿತ್ತು, ನನ್ನ ಊರಿಗೆ ಬರುವುದಲ್ಲ. ವಿಜಯಪುರದ ಬಸ್ಸಿಗೆ ಮುಕ್ಕಾಲು ತಾಸು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಕದ್ದ ಮಾಲು ಹೊತ್ತವನ ಅಂಜಿಕೆಯಿತ್ತು, ಜೊತೆಗೆ ಒಂದು ಸಮಾಧಾನವೂ ಇತ್ತು. ಕೈಯನ್ನು ಮುಚ್ಚಳದ ಮೇಲಿನ ಹೂವಿನ ಮೇಲಿಟ್ಟುಕೊಂಡಿದ್ದೆ.

ಹೋಳಿಗೆ ತೀರಿದ ಮೇಲೆ ಬ್ಯಾಗು ಮತ್ತೆ ಮೊಳೆಗೆ ಬಂತು, ಮತ್ತೆ ಬಕಲಿನ ಮೇಲೆ ಬಿಸಿಲು ಬಂತು, ಮತ್ತೆ ನನಗೆ ಕೊಟ್ಟ ಮಾತಿನ ನೆನಪಾಯಿತು. ಮರುತಿಂಗಳು ತುಂಬಿಕೊಂಡು ಹೋದೆ. ಈ ಸಲ ಬಾಗಿಲಲ್ಲೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರುಹೊಡೆದೆ. ಕಮಲಾ ಬಾಗಿಲಲ್ಲಿರಲಿಲ್ಲ, ಹಿತ್ತಲಲ್ಲಿದ್ದಳು. ಅಷ್ಟೇ ಸಾಕಾಯಿತು ನನಗೆ. ಬ್ಯಾಗು ಕುಸುಬಿ ಎಣ್ಣೆಯ ಬಾಟಲಿ, ಸಂಡಿಗೆ ಹೊತ್ತು ತಿರುಗಿ ಬಂತು. ಅದರ ಮುಂದಿನ ತಿಂಗಳು ಹುರಿದ ಕಡಲೆ. ಅದರ ಮುಂದೆ ಹುರಕ್ಕಿ ಹೋಳಿಗೆ. ನಾನು ತುಂಬುವುದೂ ಬೆಳೆಯಿತು, ಆಕೆಯದಕ್ಕೆ ಕಡಿಮೆಯಾಗಬಾರದಲ್ಲ. ಬ್ಯಾಗಿನ ಹೊಲಿಗೆಗಳು ಕಿರುಗುಟ್ಟತೊಡಗಿದವು. ಆದರೂ ಹರಿಯಲಿಲ್ಲ, ಕಾಕಾ ಹೊಲಿದ ಗಟ್ಟಿ ಚರ್ಮ.

ಕಳೆದ ತಿಂಗಳು ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಮೊದಲೇ ಹೇಳಿದೆ. "ಕಮಲಾ, ನಾ ನಿನಗ ಮೋಸ ಮಾಡಾಕತ್ತೀನಿ. ಇದು ನಿನ್ನ ಬ್ಯಾಗ. ಮೊದಲನೇ ಸಲಾನ ಕೊಡಾಕ ತಂದಿದ್ದೆ. ಬಾಯಿ ಬರಲಿಲ್ಲ."

ಕಮಲಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಗೊತ್ತೈತ್ರಿ ಮಾಮಾ."

"ಏನ್ ಗೊತ್ತೈತಿ?"

"ನನ್ನ ಬ್ಯಾಗ ಅಂತ ಗೊತ್ತೈತಿ. ನೀವು ಕೊಡಾಕ ಬಂದೀರಿ ಅಂತ ಮೊದಲ ದಿನಾನ ಗೊತ್ತಿತ್ತು. ಮೋತಿ ನೋಡಿದ್ರ ತಿಳೀತಿತ್ತು, ಮಗಳನ್ನ ಗಂಡನ ಮನಿಗೆ ಕಳಸಾಕ ಬಂದವ್ರ ಹಂಗ ನಿಂತಿದ್ರಿ."

"ಮತ್ತ್ಯಾಕ ತುಂಬಿ ತುಂಬಿ ಹೊರಿಸಿ ಕಳಸ್ತಿದ್ದಿ?"

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಹೊಗೆಯಿಂದ ಮುಖ ಆಚೆ ತಿರುಗಿಸಿದಳು. "ಇಟ್ಕೊಂಡಿದ್ರ ಅಕ್ಕ ಒಮ್ಮಿ ಬಂದಂಗ ಆಗತಿತ್ರಿ, ಅಷ್ಟ. ಹಿಂಗಾದ್ರ ತಿಂಗಳ ತಿಂಗಳಾ ಬರ್ತಾಳ." ರೊಟ್ಟಿ ತಿರುವಿ ಹಾಕಿ, "ನೀವೂ ಬರ್ತೀರಿ" ಎಂದಳು. ಮತ್ತೆ, ನನ್ನ ಮುಖ ನೋಡಿ, ದನಿ ಬದಲಿಸಿದಳು. "ಮತ್ತ ಮುಂದಿನ ತಿಂಗಳ ಬಾಳಿಹಣ್ಣ ತರಬ್ಯಾಡ್ರಿ. ದಾರ್ಯಾಗ ಹಿಚಿಕಿ ಪೆಪ್ಪರಮೆಂಟಿಗೆ ಮೆತ್ತಿದ್ವು. ನಾ ಅದನ್ನ ತೊಳದು, ಒಣಗಿಸಿ, ಅಲ್ಲೇ ಇಟ್ಟೀನಿ."

ಪೆಪ್ಪರಮೆಂಟು ತೊಳೆದರೆ ಏನು ಉಳಿಯುತ್ತದೆಂದು ನಾನು ಕೇಳಲಿಲ್ಲ. ರೊಟ್ಟಿ ತಿಂದೆ.

ಆ ಸಂಜೆ ಬಬಲೇಶ್ವರದಿಂದ ಹತ್ತಿದ ಬಸ್ಸು ತುಂಬಿತ್ತು. ಸೀಟು ಸಿಗಲಿಲ್ಲ. ನಾನು ರೂಢಿಯ ಜಾಗದಲ್ಲಿ ನಿಂತೆ, ಎರಡು ಸೀಟುಗಳ ನಡುವೆ ಕಂಬಿಗೆ ಸೊಂಟ ಕೊಟ್ಟು. ಹೆಗಲಿಂದ ಎದೆಗೆ ಅಡ್ಡ ಪಟ್ಟಿ, ಬಲಗೈ ಮುಚ್ಚಳದ ಮೇಲೆ. ಹೊರಗೆ ಸೂರ್ಯ ಮುಳುಗುತ್ತಿದ್ದ. ಜೋಳದ ಹೊಲಗಳ ಮೇಲೆ ಕೆಂಪು ಬೆಳಕು ಓಡುತ್ತಿತ್ತು. ಬ್ಯಾಗಿನೊಳಗಿನ ಬಿಸಿ ರೊಟ್ಟಿಯ ಶಾಖ ಹೊಟ್ಟೆಗೆ ತಾಗುತ್ತಿತ್ತು. ಕಣ್ಣು ಹಾಗೆಯೇ ಅರ್ಧ ಮುಚ್ಚಿತು. ಯಾರೋ ತೋಳು ತಟ್ಟಿದರು. ನೋಡಿದರೆ ಒಬ್ಬ ಮುದುಕಿ. ತೊಡೆಯ ಮೇಲಿನ ಬ್ಯಾಗಿನಿಂದ ಆಗಷ್ಟೇ ತೆಗೆದ ಆಧಾರ ಕಾರ್ಡನ್ನು ನನ್ನ ಮುಂದೆ ಹಿಡಿದಿದ್ದಳು.

"ನೋಡೋ ಯಪ್ಪಾ, ಲಗೂನ ನೋಡು. ಆಗಿಂದ ಹಿಡಕೊಂಡ ಕುಂತೀನಿ, ನಿಂತಲ್ಲೇ ನಿದ್ದಿ ಮಾಡ್ತೀಯಲ್ಲ. ಎಂಥಾ ಕಂಡಕ್ಟರ ಅದೀಯೋ?"

ಹದಿನೆಂಟು ವರ್ಷ ಸುಗಂಧಾ ಈ ಬ್ಯಾಗು ಹಾಕಿಕೊಂಡು ಮದುವೆ, ಮುಂಜಿವೆ, ಬಜಾರ ಎಲ್ಲ ತಿರುಗಿದಳು. ಒಬ್ಬರೂ ಆಕೆಗೆ ಟಿಕೆಟ್ ಕೇಳಲಿಲ್ಲ. ಕೇಳಿದ್ದರೆ ಎಷ್ಟು ನಗುತ್ತಿದ್ದಳೋ. ನಿಜವಾದ ಕಂಡಕ್ಟರ ಮುಂದಿನ ಬಾಗಿಲ ಹತ್ತಿರ ಇದ್ದ, ಬಾಳೆಹಣ್ಣಿನಂಥದ್ದೇನನ್ನೋ ಕೈಯಲ್ಲಿ ಹಿಡಿದು ಯಾರದೋ ಬ್ಯಾಗು ಕಾಯುತ್ತಿದ್ದ. ನಾನಲ್ಲವ್ವ ಎನ್ನಬೇಕಿತ್ತು. ಆದರೆ ಈ ಬ್ಯಾಗು ಹೆಗಲ ಮೇಲಿದ್ದಾಗ ನಿಜ ಹೇಳಲು ನನಗೆ ಎಂದು ಬಾಯಿ ಬಂದಿದೆ? ಕಾರ್ಡು ಇಸಿದುಕೊಂಡೆ. ದೂರ ಹಿಡಿದು, ಫೋಟೋ ನೋಡಿ, ಆಕೆಯ ಮುಖ ನೋಡಿ, ತಿರುಗಿ ಕೊಟ್ಟೆ.

"ಬರಾಬರಿ ಐತಿ ಬೇ, ಇಟ್ಕೊ" ಎಂದೆ. "ತಳದಾಗ ಹಾಕಬ್ಯಾಡ, ಮ್ಯಾಲ ಇಡು. ಇನ್ನೊಬ್ಬಾಂವ ಬಂದು ಕೇಳ್ತಾನ."